ಉಳಿದ ಅರವತ್ತೊಂದು ಗಂಟು

ಆ ಊರಿನಲ್ಲಿ ಬಿಳಿ ಬಟ್ಟೆ ಉಡುವಂತಿರಲಿಲ್ಲ. ಹುಟ್ಟಿದ ಕೂಸಿಗೆ ಕೆಂಪು, ಮದುವಣಗಿತ್ತಿಗೆ ಕೆಂಪು, ಸತ್ತವರಿಗೂ ಕೆಂಪು. ಬೆಳಗ್ಗೆ ಊರೊಳಗೆ ಬಂದ ಬಿಳಿ ನೂಲು ಸಂಜೆಯೊಳಗೆ ಬಣ್ಣದ ಬಾನಿಗೆ ಬೀಳಬೇಕು. ಅದು ಬಣ್ಣಗಾರರ ಊರು. ಅವರ ಬೀದಿ ಕೆಂಪು, ಚರಂಡಿ ಕೆಂಪು, ಉಗುರಿನ ಸಂದಿಯೂ ಕೆಂಪು. ಬೇರೆ ಊರಿನ ಜನ ಅವರ ಕೈ ನೋಡಿಯೇ ಯಾವ ಊರಿನವರೆಂದು ಹೇಳುತ್ತಿದ್ದರು.

ಆ ಊರಿನಲ್ಲಿ ಒಮ್ಮೊಮ್ಮೆ ಒಂದು ಮಗು ಬಣ್ಣ ಬಿಡುತ್ತಿತ್ತು.

ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಯಾರ ಪಾಪವೂ ಆಗಿರಲಿಲ್ಲ, ಯಾರ ಕೆಟ್ಟ ಕಣ್ಣೂ ಆಗಿರಲಿಲ್ಲ. ಆದರೂ ಊರಿನವರು ಪಾಪ ಹುಡುಕುತ್ತಿದ್ದರು. ಬಸುರಿಯಾಗಿದ್ದಾಗ ತಾಯಿ ಏನು ತಿಂದಳು, ತಂದೆ ಯಾವ ಹೊಸಿಲು ದಾಟಿದ ಎಂದು ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಮಗುವಿನ ಸ್ನಾನದ ನೀರು ಕೆಂಪಾಗಿ ಹರಿಯುತ್ತಿತ್ತು. ತುಟಿ ಬೆಳ್ಳಗಾಗುತ್ತಿತ್ತು. ಯಾರೂ ಹೊಡೆಯದಿದ್ದರೂ ಕಾಲ ಮೇಲೆ ನೀಲಿ ಮಚ್ಚೆ ಏಳುತ್ತಿದ್ದವು. ಜ್ವರ ಬಂದು ಬಂದು ಹೋಗುತ್ತಿತ್ತು. ಮೂಳೆಯೊಳಗೆ ಯಾರೋ ಕುಟ್ಟುತ್ತಿದ್ದಾರೆ ಎಂದು ಮಗು ಅಳುತ್ತಿತ್ತು.

ಅಂಥ ಮಗುವಿಗೆ ಇದ್ದದ್ದು ಒಂದೇ ದಾರಿ. ಊರಾಚೆ, ಒಣಗಿದ ಹಳ್ಳದ ಆ ಬದಿಗೆ, ಕಹಿತೊಟ್ಟಿ ಇತ್ತು. ಅದನ್ನು ನೋಡಿಕೊಳ್ಳುವವಳನ್ನು ತೊಟ್ಟಿಯಮ್ಮ ಎನ್ನುತ್ತಿದ್ದರು. ವಾರಕ್ಕೆ ಒಂದು ಮುಳುಗು, ಒಟ್ಟು ನೂರು ಮುಳುಗು. ಮೊದಲ ದಿನವೇ ತೊಟ್ಟಿಯಮ್ಮ ನೂರು ಗಂಟು ಹಾಕಿದ ಹಗ್ಗವನ್ನು ಹೆತ್ತವರ ಕೈಗೆ ಕೊಡುತ್ತಿದ್ದಳು. ಒಂದು ಮುಳುಗಿಗೆ ಒಂದು ಗಂಟು ಬಿಚ್ಚಬೇಕು. ಮಗುವನ್ನು ತೊಟ್ಟಿಯೊಳಗೆ ಹಿಡಿದಿಡುವುದು ಅವಳ ಕೆಲಸವಲ್ಲ. ಹೆತ್ತವರೇ ಹಿಡಿಯಬೇಕು.

ಇನ್ನೂ ಒಂದು ನಿಯಮವಿತ್ತು. ಅದು ತೊಟ್ಟಿಯಮ್ಮನದಲ್ಲ, ಊರಿನದು. ಮಗು ಮತ್ತೆ ಕೆಂಪಾದ ದಿನ ಊರಿನವರೆಲ್ಲ ಬಂದು, ಅರಿಶಿಣಕ್ಕೆ ಸುಣ್ಣ ಕದಡಿದ ಕೆಂಪು ನೀರಿನಲ್ಲಿ ಆರತಿ ಎತ್ತುತ್ತಿದ್ದರು. ಆರತಿ ಎತ್ತಿದ ಮೇಲೆ ಆ ಮನೆಯವರು ತೊಟ್ಟಿಯ ಕಡೆ ತಲೆ ಹಾಕುವಂತಿರಲಿಲ್ಲ. ಹೋದರೆ ಆರತಿ ಸುಳ್ಳಾಗುತ್ತದೆ. ಊರಿನ ಆರತಿ ಸುಳ್ಳಾಗಬಾರದು. ಆ ಊರಿನಲ್ಲಿ ಮಕ್ಕಳು ಸಾಯಬಹುದಾಗಿತ್ತು, ಆರತಿ ಮಾತ್ರ ಸುಳ್ಳಾಗುವಂತಿರಲಿಲ್ಲ.

ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅವನ ಕೆಂಪಿಗೆ ಸಮನಾದ ಕೆಂಪು ಸುತ್ತ ಎಲ್ಲೂ ಇರಲಿಲ್ಲ. ಧಾರೆ ಸೀರೆಗೆ ಹದಿನಾರು ಮುಳುಗು ಎಂಬುದು ಅವನ ಅಜ್ಜನ ಕಾಲದ ಕಟ್ಟಳೆ. ಮುಳುಗಿಸು, ಹಿಂಡು, ಒಣಗಿಸು, ಮತ್ತೆ ಮುಳುಗಿಸು. ಐದನೆಯ ಮುಳುಗಿಗೇ ಸೀರೆ ಕೆಂಪಾಗಿ ಕಾಣುತ್ತದೆ. ನೋಡಿದವರಿಗೆ ಐದನೆಯದೂ ಹದಿನಾರನೆಯದೂ ಒಂದೇ. ನೀರು ಬಿದ್ದಾಗ ಗೊತ್ತಾಗುತ್ತದೆ ಯಾವುದು ಯಾವುದೆಂದು.

ಒಮ್ಮೆ ಅವನ ತಮ್ಮ ಒಂಬತ್ತನೆಯ ಮುಳುಗಿಗೇ ಸೀರೆ ತೆಗೆದು ಮದುವೆ ಮನೆಗೆ ಕಳಿಸಿಬಿಟ್ಟಿದ್ದ. ದಿಬ್ಬಣದ ನಡುವೆ ಹನಿ ಬಿತ್ತು. ಮದುವಣಗಿತ್ತಿಯ ಕೈಕಾಲೆಲ್ಲ ಕೆಂಪು ಇಳಿಯಿತು, ಮೈಮೇಲೆ ಮಾಸಲು ಬಿಳಿ ಸೀರೆ ಉಳಿಯಿತು. ಅವಳು ಬೀದಿಯಲ್ಲಿ ನಿಂತು ಅತ್ತಳು. ಬಣ್ಣಗಾರ ಅಂದೇ ಹಾರೆ ತೆಗೆದುಕೊಂಡು ಹೋಗಿ ತಮ್ಮನ ಬಾನಿ ಒಡೆದ. "ಕೆಂಪಾಗಿ ಕಂಡ್ರೆ ಸಾಕು ಅನ್ನೋನು ಈ ಮನೇಲಿ ಇರಬಾರದು," ಎಂದ. ತಮ್ಮ ಊರು ಬಿಟ್ಟ. ಮತ್ತೆ ಬರಲಿಲ್ಲ.

ಆ ಬಣ್ಣಗಾರನ ಮಗಳಿಗೆ ಏಳು ವರ್ಷವಾದಾಗ ಅವಳ ಸ್ನಾನದ ನೀರು ಕೆಂಪಾಯಿತು.

ಹೆಂಡತಿ ಬಚ್ಚಲಿನಿಂದ ಕೂಗಿದಳು. ಅವನು ಹೋಗಿ ನೋಡಿದ. ಮಗಳು ಮಣೆಯ ಮೇಲೆ ಕೂತು ತನ್ನ ಕಾಲ ಕೆಳಗೆ ಹರಿಯುವ ಕೆಂಪು ನೀರಿನಲ್ಲಿ ಬೆರಳಾಡಿಸುತ್ತ ಆಡುತ್ತಿದ್ದಳು. "ಅಪ್ಪಾ, ನಾನೂ ಬಾನಿ ಆದೆ," ಎಂದಳು.

ಅವನು ಅದೇ ದಿನ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿದ. ತೊಟ್ಟಿಯಮ್ಮ ಮಗುವಿನ ಕಣ್ಣ ರೆಪ್ಪೆ ಬಿಡಿಸಿ ನೋಡಿದಳು, ಉಗುರು ಒತ್ತಿ ನೋಡಿದಳು. ಹಗ್ಗ ತಂದು ಅವನ ಕೈಗಿಟ್ಟಳು.

"ನೂರು," ಎಂದಳು. "ಉಳೀತಾಳೆ ಅಂತ ಮಾತು ಕೊಡೋದಿಲ್ಲ. ನೂರು ಮುಳುಗಿದರೂ ಹತ್ತು ಮಕ್ಕಳಲ್ಲಿ ಎರಡು ಕೈಬಿಟ್ಟು ಹೋಗ್ತವೆ. ಮುಳುಗದಿದ್ದರೆ ಹತ್ತೂ ಹೋಗ್ತವೆ. ನೀನು ಬಣ್ಣಗಾರ. ನಿನಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ."

ಕಹಿತೊಟ್ಟಿಯ ನೀರು ಕಪ್ಪಗಿತ್ತು. ಅದರ ಕಹಿ ಮೂಗಿಗೆ ಮೊದಲು ತಾಗುತ್ತಿತ್ತು, ಆಮೇಲೆ ನಾಲಿಗೆಗೆ. ಅವನು ಮಗಳನ್ನು ಎತ್ತಿ ಇಳಿಸಿದ. ಅವಳು ಕಿರುಚಿದಳು. ಅವನು ಹಿಡಿದುಕೊಂಡೇ ಇದ್ದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಅವನು ಹಿಡಿದುಕೊಂಡೇ ಇದ್ದ. ತೊಟ್ಟಿಯಮ್ಮ ಸಾಕೆಂದಾಗ ಎತ್ತಿದ. ಹಗ್ಗದ ಮೊದಲ ಗಂಟು ಬಿಚ್ಚಿದ.

ವಾರಕ್ಕೆ ಒಂದು ಮುಳುಗು, ಒಂದು ಗಂಟು.

ಐದನೆಯ ಮುಳುಗಿಗೆ ಕೂದಲು ಉದುರಿತು. ತೊಟ್ಟಿಯ ಮೇಲೆ ತೇಲುತ್ತಿದ್ದ ತನ್ನ ಜಡೆಯ ಎಳೆಗಳನ್ನು ಮಗಳು ನೋಡಿದಳು. ಆಮೇಲೆ ತಂದೆಯ ಬೋಳು ತಲೆ ನೋಡಿದಳು. "ಅಮ್ಮಾ," ಎಂದು ಮನೆಗೆ ಬಂದು ಹೇಳಿದಳು, "ಅಪ್ಪನ ಹಾಗೇ ಆಗಿದೀನಿ. ಇನ್ನು ಮೀಸೆ ಒಂದು ಬರಬೇಕು." ಅವತ್ತು ಅವಳ ಅಜ್ಜಿಯೂ ನಕ್ಕಳು, ನಗುತ್ತ ನಗುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹತ್ತನೆಯ ಮುಳುಗಿಗೆ ಬಾಯಿತುಂಬ ಹುಣ್ಣಾಯಿತು. ಅವಳಿಗೆ ಪ್ರಾಣವಾದ ಹುಣಸೆ ಚಿಗಳಿಯನ್ನು ಕಡ್ಡಿಗೆ ಸಿಕ್ಕಿಸಿ, ನೆಕ್ಕಲಾರದೆ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು. ಬೀದಿಗೆ ಬಿಡುವಂತಿರಲಿಲ್ಲ. ಕೆಮ್ಮುವವರು ಹತ್ತಿರ ಬಂದರೆ ಮಗು ಉಳಿಯುವುದಿಲ್ಲ ಎಂದು ತೊಟ್ಟಿಯಮ್ಮ ಹೇಳಿದ್ದಳು. ಆದರೆ ಊರಿನವರು ಅದಕ್ಕೆ ಮೊದಲೇ ದೂರ ಸರಿದಿದ್ದರು. ಬಣ್ಣ ಬಿಡುವ ಮಗುವಿನ ಮನೆಯಿಂದ ಬೆಂಕಿ ತರಬಾರದು, ಆ ಮನೆಯ ಸೀರೆ ಧಾರೆಗೆ ಆಗದು ಎಂದು ಮಾತಾಯಿತು. ಹದಿನಾರು ಮುಳುಗಿನ ಸೀರೆಗಳು ಮಡಿಕೆ ಬಿಚ್ಚದೆ ಗಳುವಿನ ಮೇಲೆ ಉಳಿದವು.

ಇಪ್ಪತ್ತನೆಯ ಮುಳುಗಿಗೆ ತುಟಿಗೆ ಬಣ್ಣ ಬಂತು. ಮೂವತ್ತನೆಯದಕ್ಕೆ ಕೆನ್ನೆಗೆ ಬಂತು. ಮೂವತ್ತೆಂಟನೆಯದಕ್ಕೆ ಸ್ನಾನದ ನೀರು ತಿಳಿಯಾಗಿ ಹರಿಯಿತು, ತಲೆಯ ಮೇಲೆ ಎಳೆಗರುವಿನ ಮೈಯಂತೆ ಕೂದಲು ಮೂಡಿತು.

ಆಗ ಊರು ಹತ್ತಿರ ಬಂತು.

ಮೊದಲು ಬಂದದ್ದು ನೆರೆಮನೆಯವಳು. ಬಣ್ಣಗಾರ ಮಗಳನ್ನು ಹೊತ್ತು ಹಳ್ಳದ ಕಡೆ ಹೊರಟಾಗ ಅವಳು ಬೀದಿಯಲ್ಲೇ ಅಡ್ಡ ನಿಂತಳು. "ಅಯ್ಯೋ, ಕೆಂಡದ ಹಾಗೆ ಕೆಂಪಾಗಿದಾಳಲ್ಲೋ ನಿನ್ನ ಮಗಳು! ಇನ್ನೂ ಹೊತ್ಕೊಂಡು ಹೋಗ್ತೀಯಾ? ಅಪ್ಪನೋ ಕಟುಕನೋ ನೀನು?" ಅವನು ಅವಳ ಪಕ್ಕದಿಂದ ಹಾದು ಹೋಗಿ ಮೂವತ್ತೊಂಬತ್ತನೆಯ ಗಂಟು ಬಿಚ್ಚಿ ಬಂದ. ಅಂದು ಮಗಳು ಕಿರುಚಿದ್ದು ಬೀದಿಯ ತುದಿಗೂ ಕೇಳಿಸಿತ್ತು.

ಮರುದಿನ ಊರ ಯಜಮಾನ ಬಂದು ಜಗುಲಿಯ ಮೇಲೆ ಕೂತ. ಅವನ ಹೆಗಲ ಮೇಲಿದ್ದದ್ದು ಬಣ್ಣಗಾರನೇ ಹದಿನಾರು ಮುಳುಗಿನಲ್ಲಿ ಮಾಡಿಕೊಟ್ಟ ವಲ್ಲಿ.

"ನೋಡಪ್ಪಾ," ಎಂದ ಯಜಮಾನ, "ದೇವರು ಕೊಟ್ಟದ್ದನ್ನ ಎರಡೂ ಕೈ ಚಾಚಿ ತಗೋಬೇಕು. ಕೊಟ್ಟ ಮೇಲೂ ಇನ್ನೂ ಇನ್ನೂ ಅಂತ ತೊಟ್ಟಿಗೆ ಓಡಿದರೆ, ಕೊಟ್ಟವನ ಮೇಲೆ ನಂಬಿಕೆ ಇಲ್ಲ ಅಂತ ಆಯ್ತಲ್ಲ? ಬರೋ ಶುಕ್ರವಾರ ಆರತಿ ಇಟ್ಕೊಳ್ಳೋಣ. ಊರಿಗೂ ಒಂದು ಸಂತೋಷ ಬೇಡವಾ?"

"ಇನ್ನೂ ಅರವತ್ತೊಂದು ಗಂಟು ಇದಾವೆ, ಯಜಮಾನ್ರೇ."

"ಗಂಟು ಹಾಕಿದವಳು ಅವಳು. ಬಿಚ್ಚೋಕೆ ಹೇಳೋಳೂ ಅವಳು. ಮಗು ನೋಡಿದೀಯಾ? ನಮ್ಮ ಮನೆ ಮೊಮ್ಮಕ್ಕಳಿಗಿಂತ ಕೆಂಪಾಗಿದೆ."

ಅಜ್ಜಿ ಒಳಗಿನಿಂದ ಬಂದಳು. "ನಾನು ಕಣ್ಣು ಮುಚ್ಚೋದರೊಳಗೆ ಆ ತಲೇಲಿ ಒಂದು ಮೊಳ ಹೂವು ನೋಡ್ಬೇಕು ಕಣೋ ಮಗಾ. ಅಷ್ಟೇ ನಾನು ಕೇಳೋದು."

ಹೆಂಡತಿ ಒಬ್ಬಳೇ ಬಾಗಿಲಿಗೆ ಒರಗಿ ನಿಂತು ಗಂಡನನ್ನು ನೋಡಿದಳು. "ಧಾರೆ ಸೀರೆಗೆ ಹೀಗೆ ಮಾಡ್ತಿದ್ರಾ?" ಎಂದಳು. "ತಮ್ಮನ ಬಾನಿ ಒಡೆದ ಕೈ ಅಲ್ವಾ ಇದು?"

ಬಣ್ಣಗಾರನಿಗೆ ಆ ಮಾತು ಚೆನ್ನಾಗಿಯೇ ಕೇಳಿಸಿತು. ಅದು ನಿಜವೆಂದೂ ಗೊತ್ತಿತ್ತು. ಊರಿನ ಮಾತಿಗೆ, ಯಜಮಾನನ ವಲ್ಲಿಗೆ ಅವನು ಬಗ್ಗುವವನಲ್ಲ. ಅವನನ್ನು ಬಗ್ಗಿಸಿದ್ದು ಬೇರೆ.

ಗುರುವಾರ ನಲವತ್ತನೆಯ ಮುಳುಗಿನ ದಿನ. ಅವನು ಹಗ್ಗ ಕೈಗೆ ತೆಗೆದುಕೊಂಡ. ಮಗಳು ಅಳಲಿಲ್ಲ, ಮೂಲೆಗೆ ಓಡಲಿಲ್ಲ. ಎದುರಿಗೆ ಬಂದು ನಿಂತು, ದೊಡ್ಡವರು ದೇವರಿಗೆ ಮುಗಿಯುವ ಹಾಗೆ, ಎರಡೂ ಕೈ ಜೋಡಿಸಿದಳು.

"ಅಪ್ಪಾ, ಬೇಡ. ಕೈ ಮುಗೀತೀನಿ."

ಏಳು ವರ್ಷದ ಮಗು ಹೆತ್ತ ತಂದೆಗೆ ಕೈ ಮುಗಿದಿತ್ತು. ಮೂವತ್ತೊಂಬತ್ತು ವಾರ ಅವಳನ್ನು ಕಹಿಯೊಳಗೆ ಅದುಮಿ ಹಿಡಿದ ಕೈಗಳಿಗೆ ಆ ಪುಟ್ಟ ಕೈಗಳನ್ನು ನೋಡಲಾಗಲಿಲ್ಲ. ಅವನು ಹಗ್ಗವನ್ನು ಜಂತೆಯ ಮೇಲಕ್ಕೆ ಎಸೆದ. ಅವಳನ್ನು ಎತ್ತಿಕೊಂಡು, "ಮುಗೀತು ಕೂಸೇ," ಎಂದ. "ಎಲ್ಲಾ ಮುಗೀತು."

ಶುಕ್ರವಾರ ಆರತಿಯಾಯಿತು. ಊರಿಗೆ ಊರೇ ಬಂತು. ಬೆಂಕಿ ಒಯ್ಯದವರು, ಸೀರೆ ಬೇಡವೆಂದವರು ಎಲ್ಲರೂ ಬಂದರು. ತಟ್ಟೆಯಲ್ಲಿ ಕೆಂಪು ನೀರು ತುಳುಕಿತು. ಹೆಂಗಸರು ಹಾಡಿದರು. ಒಂದು ಬೆರಳಷ್ಟೂ ಇಲ್ಲದ ಕೂದಲಿಗೆ ಅಜ್ಜಿ ದಾರದಲ್ಲಿ ಮಲ್ಲಿಗೆ ಕಟ್ಟಿದಳು. ತಾಯಿ ಮಾತ್ರ ಹಾಡಲಿಲ್ಲ. ಆರತಿಯ ನೀರನ್ನು ಬೀದಿಗೆ ಚೆಲ್ಲಿ, ಎಲ್ಲರೂ ಹೊಟ್ಟೆ ತುಂಬ ಉಂಡು, ಒಳ್ಳೆಯ ಕೆಲಸ ಮಾಡಿದೆವೆಂದುಕೊಂಡು ಮನೆಗೆ ಹೋಗಿ ಮಲಗಿದರು.

ಆಮೇಲಿನ ಹನ್ನೊಂದು ವಾರ ಮಗಳು ಬೀದಿಯಲ್ಲಿ ಆಡಿದಳು. ಬಾಯಿಯ ಹುಣ್ಣು ಮಾಯ್ದಿತ್ತು. ದಿನಕ್ಕೆ ಮೂರು ಚಿಗಳಿ ತಿಂದಳು. ಕುಂಟೆಬಿಲ್ಲೆಯಲ್ಲಿ ದೊಡ್ಡ ಹುಡುಗಿಯರನ್ನು ಸೋಲಿಸಿದಳು. ಸಂಜೆ ತಂದೆಯ ಬಾನಿಯ ಪಕ್ಕ ಕೂತು ಮುಳುಗು ಎಣಿಸಿದಳು. ಅವನು ಬೇಕೆಂದೇ ಹದಿನೈದಕ್ಕೆ ಸೀರೆ ಎತ್ತಿದರೆ, "ಅಪ್ಪಾ, ಕಳ್ಳಾ! ಇನ್ನೂ ಒಂದಿದೆ!" ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಅವನು ನಗುತ್ತಿದ್ದ. ನಕ್ಕ ಮೇಲೆ ಜಂತೆಯ ಕಡೆ ನೋಡದಂತೆ ಕಣ್ಣನ್ನು ಕಟ್ಟಿ ಹಾಕಿಕೊಳ್ಳುತ್ತಿದ್ದ.

ಹನ್ನೆರಡನೆಯ ವಾರ ಬಚ್ಚಲಿನ ನೀರು ಕೆಂಪಾಗಿ ಹರಿಯಿತು.

"ಕುಂಕುಮ ಕಣೋ ಅದು," ಎಂದಳು ಅಜ್ಜಿ. "ಬೆಳಗ್ಗೆ ಹಣೆಗಿಟ್ಟಿದ್ದೆ, ತೊಳೆದು ಹೋಗ್ತಿದೆ."

ಬಣ್ಣಗಾರ ಬಗ್ಗಿ ನೀರಿನಲ್ಲಿ ಬೆರಳದ್ದಿದ. ಬಣ್ಣ ಬಿಡುವುದನ್ನು ಜೀವಮಾನವೆಲ್ಲ ನೋಡಿದವನಿಗೆ ಎರಡನೆಯ ಸಲ ನೋಡಬೇಕಾಗಿರಲಿಲ್ಲ. ಮಗಳನ್ನು ಒದ್ದೆ ಮೈಯಲ್ಲೇ ಸುತ್ತಿ ಎತ್ತಿಕೊಂಡ. ಜಂತೆಯಿಂದ ಹಗ್ಗ ಎಳೆದುಕೊಂಡ. ಹಾಡುಹಗಲಲ್ಲಿ ಬೀದಿಯ ನಡುವೆ ನಡೆದ. ಹೆಂಡತಿ ಅವನ ಹಿಂದೆ ನಡೆದಳು. ಮನೆಮನೆಯ ಬಾಗಿಲು ಮುಚ್ಚಿಕೊಂಡವು.

ಹಳ್ಳದ ದಂಡೆಯಲ್ಲಿ ಯಜಮಾನ ನಿಂತಿದ್ದ. "ಆರತಿ ಎತ್ತಿದ ಮನೆ ಕಣಪ್ಪಾ. ಊರಿನ ಮುಖಕ್ಕೆ ಮಸಿ ಬಳೀಬೇಡ."

"ನಿಮ್ಮ ಆರತಿ ನಮ್ಮ ಬಚ್ಚಲಲ್ಲಿ ಹರೀತಾ ಇದೆ," ಎಂದ ಬಣ್ಣಗಾರ. "ಹೋಗಿ ತುಂಬ್ಕೊಂಡು ಬನ್ನಿ."

ತೊಟ್ಟಿಯಮ್ಮ ಬೈಯಲಿಲ್ಲ. ನಾನು ಹೇಳಿರಲಿಲ್ಲವಾ ಎಂದು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಅವಳು ಹಗ್ಗವನ್ನು ಕೈಗೆ ತೆಗೆದುಕೊಂಡು, ಉಳಿದ ಗಂಟುಗಳ ಮೇಲೆ ಬೆರಳಾಡಿಸಿ, ವಾಪಸು ಕೊಟ್ಟಳು.

"ಇದು ಈಗ ಲೆಕ್ಕಕ್ಕೆ ಬರೋದಿಲ್ಲ. ಅರ್ಧಕ್ಕೆ ಬಿಟ್ಟರೆ ಮೈಯೊಳಗೆ ಉಳಿದ ಬಿಳಿ ನಮ್ಮ ಕಹೀನ ಗುರುತು ಹಿಡಿದಿರುತ್ತೆ, ಅದಕ್ಕೆ ಹೆದರೋದಿಲ್ಲ. ಎಣ್ಣೆ ಕುಡಿದ ಬಟ್ಟೆಗೆ ಬಣ್ಣ ಹತ್ತೋದು ಎಷ್ಟು ಕಷ್ಟ ಅಂತ ನಿನಗೆ ಗೊತ್ತು."

"ಇನ್ನು ಎಷ್ಟು ಮುಳುಗು ಬೇಕು?"

"ಗೊತ್ತಿಲ್ಲ," ಎಂದಳು ತೊಟ್ಟಿಯಮ್ಮ. "ಇಳಿಸು. ಆದಷ್ಟು ಇಳಿಸೋಣ."

ಈಗ ಮೂರು ದಿನಕ್ಕೊಂದು ಮುಳುಗು. ಅದಕ್ಕೆ ಹಗ್ಗವಿರಲಿಲ್ಲ, ಗಂಟಿರಲಿಲ್ಲ. ಒಂದು ಸಲ ಅವನು ಹಿಡಿದ, ಒಂದು ಸಲ ಹೆಂಡತಿ ಹಿಡಿದಳು. ತುಟಿಗೆ ಬಣ್ಣ ಹತ್ತಲಿಲ್ಲ. ಮಲ್ಲಿಗೆ ಮುಡಿದಿದ್ದ ಕೂದಲು ಮತ್ತೆ ಉದುರಿತು. ಮೊದಲು ಕಾಲ ಮೇಲಿದ್ದ ನೀಲಿ ಮಚ್ಚೆ ಈಗ ತೋಳಿಗೂ ಬಂದವು, ಹೊಟ್ಟೆಗೂ ಬಂದವು. ಒಂಬತ್ತನೆಯ ಸಲ ಅವನು ಇಳಿಸಿದಾಗ ಅವಳು ಕಿರುಚಲಿಲ್ಲ. ಆ ಕಿರುಚು ನಿಲ್ಲಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದನೋ; ಈಗ ಒಂದೇ ಒಂದು ಸಲ ಕಿರುಚಲಿ ಎಂದು ಬೇಡಿಕೊಂಡ.

"ಅಪ್ಪಾ," ಎಂದಳು ಅವಳು, "ಇನ್ನೂ ಗಂಟು ಇದಾವಾ?"

"ಇದಾವೆ ಕೂಸೇ," ಎಂದ ಅವನು. "ಇನ್ನೂ ಬೇಕಾದಷ್ಟು ಇದಾವೆ."

ಅವಳು ಅವನ ಮಣಿಕಟ್ಟಿನ ಮೇಲೆ, ಮೊದಲ ದಿನ ತಾನು ಕಚ್ಚಿದ ಗುರುತಿನ ಮೇಲೆ, ಬೆರಳಿಟ್ಟುಕೊಂಡೇ ಹೋದಳು.

ಸತ್ತವರ ಬಟ್ಟೆಗೆ ಆ ಊರಿನಲ್ಲಿ ಮೂರೇ ಮುಳುಗು. ಮಣ್ಣಿಗೆ ಹೋಗುವ ಬಟ್ಟೆಗೆ ಯಾಕೆ ಹೆಚ್ಚು? ಬಣ್ಣವಿಳಿದರೆ ನೋಡುವವರು ಯಾರು? ಹೆಣ ಎತ್ತುವತನಕ ಅಂಗಳಕ್ಕೆ ಬಂದವರು ಯಾರೂ ಕದಲುವಂತಿಲ್ಲ ಎಂಬುದೂ ಆ ಊರಿನ ನಿಯಮವೇ.

ಬೆಳಗ್ಗೆ ಊರೆಲ್ಲ ಬಂದು ಅಂಗಳದಲ್ಲಿ ನಿಂತಿತು. ಯಜಮಾನ ಬಂದ. ನೆರೆಮನೆಯವಳು ಬಂದಳು, ಎದೆ ಬಡಿದುಕೊಂಡು ಅತ್ತಳು. ಬಣ್ಣಗಾರ ಅಂಗಳದ ನಡುವೆ ಬಾನಿ ಇಟ್ಟ. ಮಗಳ ಅಳತೆಯ ಬಿಳಿ ಬಟ್ಟೆ ತಂದ. ಮುಳುಗಿಸಿ ಹಿಂಡಿದ. ಮುಳುಗಿಸಿ ಹಿಂಡಿದ. ಮೂರು ಮುಳುಗಾಯಿತು. ಎತ್ತುವವರು ಬಿದಿರಿನ ಚಟ್ಟಕ್ಕೆ ಕೈ ಹಾಕಿದರು.

ಅವನು ಸೊಂಟಕ್ಕೆ ಸುತ್ತಿಕೊಂಡಿದ್ದ ಮಗಳ ಹಗ್ಗ ತೆಗೆದು ಬಾನಿಯ ಅಂಚಿಗೆ ಕಟ್ಟಿದ. ಮೂರು ಗಂಟು ಬಿಚ್ಚಿದ. ನಾಲ್ಕನೆಯ ಸಲ ಬಟ್ಟೆ ಮುಳುಗಿಸಿದ.

ಎತ್ತುವವರು ಕೈ ತೆಗೆದರು.

ಐದು. ಆರು. ಏಳು. ಮುಳುಗಿಸು, ಹಿಂಡು, ಗಂಟು ಬಿಚ್ಚು. ಹೊತ್ತು ಏರಿತು. ಹದಿನಾರಾಯಿತು, ಅವನು ನಿಲ್ಲಲಿಲ್ಲ. ಮುದುಕರು ಕಾಲು ಬದಲಿಸಿ ನಿಂತರು. ಇಪ್ಪತ್ತನೆಯದಕ್ಕೆ ಯಜಮಾನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಕೆಂಪಾಯ್ತಲ್ಲಪ್ಪಾ. ಸಾಕು ಮಾಡು. ಜನ ಬಿಸಿಲಲ್ಲಿ ನಿಂತಿದಾರೆ."

ಬಣ್ಣಗಾರ ಬಟ್ಟೆಯನ್ನು ಎತ್ತಿ ಅವನ ಮುಖದೆದುರು ಹಿಡಿದ. ಕೆಂಪು ನೀರು ಯಜಮಾನನ ಕಾಲ ಮೇಲೆ ತೊಟ್ಟಿಕ್ಕಿತು.

"ಕೆಂಪಾಗಿ ಕಾಣ್ತಿದೆ," ಎಂದ. "ಆಗಿಲ್ಲ. ಅವತ್ತು ನಾನು ಹೇಳಬೇಕಾಗಿದ್ದ ಮಾತು ಇದು. ಹೇಳಲಿಲ್ಲ. ಇವತ್ತು ಹೇಳ್ತಾ ಇದೀನಿ, ನಿಂತು ಕೇಳಿ. ಆರತಿ ದಿನ ನಿಂತಿರಲಿಲ್ವಾ ಇದೇ ಅಂಗಳದಲ್ಲಿ? ಅವತ್ತು ಕಾಲು ನೋಯಲಿಲ್ವಾ?"

ಅವನು ಮತ್ತೆ ಮುಳುಗಿಸಿದ. ಬೇಕೆಂದರೂ ಯಾರೂ ಹೋಗುವಂತಿರಲಿಲ್ಲ. ಅವರ ನಿಯಮ ಅವರನ್ನೇ ಹಿಡಿದು ನಿಲ್ಲಿಸಿತ್ತು.

ಇಪ್ಪತ್ತೆಂಟನೆಯ ಗಂಟು ಬಿಚ್ಚುವಾಗ ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಅವಳ ಸೊಂಟದ ಮೇಲೊಂದು ಕೂಸು. ಅದರ ತಲೆಯ ಮೇಲೆ ಎಳೆಗರುವಿನ ಮೈಯಂಥ ಕೂದಲು, ಕೆನ್ನೆ ಕೆಂಡದಂತೆ ಕೆಂಪು. ನಾಳೆ ಅವರ ಮನೆಯಲ್ಲಿ ಆರತಿ ಎಂದು ಊರಿಗೆಲ್ಲ ಗೊತ್ತಿತ್ತು. ಅವಳು ಹೆಣವಿದ್ದ ಕಡೆ ನೋಡಿದಳು, ಬಾನಿಯ ಕಡೆ ನೋಡಿದಳು, ಅಂಗಳ ದಾಟಿ ಹೊರಟಳು.

"ಏ, ನಿಲ್ಲಮ್ಮಾ!" ಎಂದ ಯಜಮಾನ. "ಹೆಣ ಎತ್ತೋ ತನಕ ಹೋಗೋ ಹಾಗಿಲ್ಲ."

ಬಣ್ಣಗಾರ ತಲೆಯೆತ್ತಿದ. "ಎಲ್ಲಿಗಮ್ಮಾ?"

"ತೊಟ್ಟಿಗೆ," ಎಂದಳು ಅವಳು. "ಇವತ್ತು ಇವನ ಮುಳುಗಿನ ದಿನ. ಹೋಗೋದು ಬೇಡ ಅಂತ ಹೇಳಿದ್ರು ಎಲ್ಲರೂ."

"ಎಷ್ಟು ಗಂಟು ಉಳಿದಿದಾವೆ?"

"ಎಪ್ಪತ್ತೆರಡು ಅಣ್ಣಾ."

"ಎಪ್ಪತ್ತೆರಡನ್ನೂ ಬಿಚ್ಚು. ಅವನು ಕೈ ಮುಗಿದ್ರೂ ಬಿಚ್ಚು. ನೋಡೋಕಾಗದಿದ್ರೆ ಕಣ್ಣು ಮುಚ್ಕೊಂಡು ಹಿಡ್ಕೋ. ಕೈ ಮಾತ್ರ ಬಿಡಬೇಡ."

ಯಜಮಾನ ಅಡ್ಡ ಬರಲು ಒಂದು ಹೆಜ್ಜೆ ಇಟ್ಟ. ಬಣ್ಣಗಾರನ ಹೆಂಡತಿ ಮಗಳ ತಲೆದೆಸೆಯಿಂದ ಎದ್ದು ಬಂದು ಅವನೆದುರು ನಿಂತಳು. ಯಜಮಾನ ಹೆಜ್ಜೆ ಹಿಂದಕ್ಕೆ ತೆಗೆದ. ಆ ಹೆಂಗಸು ಕೂಸನ್ನು ಹೆಗಲಿಗೆ ಏರಿಸಿಕೊಂಡು ಬೀದಿಗಿಳಿದು ಹಳ್ಳದ ಕಡೆ ನಡೆದಳು.

ಬಣ್ಣಗಾರ ಮತ್ತೆ ಬಾನಿಗೆ ಬಗ್ಗಿದ. ಮೂವತ್ತು. ನಲವತ್ತು. ಅವನ ಬೆರಳ ತುದಿ ಒಡೆಯಿತು. ಹೆಂಡತಿ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು. ಐವತ್ತು. ಅಜ್ಜಿ ಬಾನಿಯ ಪಕ್ಕ ಕೂತು ಗಂಟು ಬಿಚ್ಚತೊಡಗಿದಳು. ಕಣ್ಣು ಕಾಣದೆ ಬೆರಳಿನಿಂದಲೇ ತಡವಿ ತಡವಿ ಬಿಚ್ಚಿದಳು. ದೂರದಿಂದ, ಹಳ್ಳದ ಆಚೆಯಿಂದ, ಒಂದು ಕೂಸು ಕಿರುಚಿದ್ದು ಕೇಳಿಸಿತು. ಬಣ್ಣಗಾರ ಒಂದು ಗಳಿಗೆ ಕೈ ನಿಲ್ಲಿಸಿ ಕೇಳಿದ. ಆಮೇಲೆ ಮುಳುಗಿಸಿದ.

ಅರವತ್ತೊಂದನೆಯ ಗಂಟು ಬಿಚ್ಚುವಾಗ ಹೊತ್ತು ಇಳಿಯುತ್ತಿತ್ತು. ಹಗ್ಗ ನೆಟ್ಟಗೆ ಜೋತುಬಿತ್ತು, ಬರೀ ಹಗ್ಗವಾಯಿತು.

ಅವನು ಒಂದು ಹಂಡೆಯ ತುಂಬ ಬಾವಿಯ ನೀರು ತಂದು ಊರಿನವರ ಮುಂದೆ ಇಟ್ಟ. ಬಟ್ಟೆಯನ್ನು ಅದರೊಳಗೆ ಹಾಕಿ ಎರಡೂ ಕೈಯಲ್ಲಿ ತಿಕ್ಕಿದ, ಕುಕ್ಕಿದ, ಹಿಂಡಿದ, ಮತ್ತೆ ತಿಕ್ಕಿದ. ಬಟ್ಟೆ ಎತ್ತಿ ಹೆಂಡತಿಯ ಕೈಗೆ ಕೊಟ್ಟ.

"ಬಗ್ಗಿ ನೋಡಿ," ಎಂದ.

ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ನೀರು ತಿಳಿಯಾಗಿತ್ತು. ತಳ ಕಾಣುತ್ತಿತ್ತು.